ಆಯುಧಪೂಜೆಯ ನಂತರ ಏಳದ ಕಂಪ್ಯೂಟರು

ಕಡೂರು
ಮಂಗಳವಾರ, ೨೮-೧೦-೨೦೨೫

ಪ್ರೀತಿಯ ಅಶ್ವಿನಿ,

'ಪ್ರೀತಿಯ' ಎಂದು ಬರೆದದ್ದು ನೋಡಿ ನೀನು ಮೂಗು ಮುರಿಯಬಹುದು. ಮುರಿದುಕೋ. ನಿನ್ನ ಅತ್ತೆಯ ಕಾಗದ ಇದು, ಹರಿದು ಹಾಕುವ ಮೊದಲು ಒಂದು ಸಲ ಓದು. ನಿನ್ನ ಮೈ ಹೇಗಿದೆ? ಕೂತು ಕೂತು ಹಿಡಿದಿದ್ದ ಬೆನ್ನುನೋವು ತೌರಿಗೆ ಹೋದ ಮೇಲಾದರೂ ಇಳಿಯಿತೋ ಇಲ್ಲವೋ. ಕೃತಿಕಾಳ ಕೆಮ್ಮು ಹೇಗಿದೆ? ಕೊಬ್ಬರಿ ಎಣ್ಣೆಗೆ ಒಂದು ಚೂರು ಕರ್ಪೂರ ಹಾಕಿ ಬೆಚ್ಚಗೆ ಮಾಡಿ ಎದೆಗೆ ತಿಕ್ಕು, ಅವಳು ಕಚಗುಳಿ ಅಂತ ಹೊರಳಾಡುತ್ತಾಳೆ, ಬಿಡಬೇಡ. ನಿನ್ನ ತಾಯಿ ಶಕುಂತಲಮ್ಮನವರ ಮಂಡಿಗೆ ತರೀಕೆರೆಯ ಡಾಕ್ಟರು ಕೊಟ್ಟ ಮಾತ್ರೆ ಹಿಡಿಸಿತೇ ಎಂದು ಕೇಳಿದೆ ಅಂತ ಹೇಳು. ಅವರು ಉತ್ತರ ಕೊಡುವುದಿಲ್ಲ ಅಂತ ಗೊತ್ತು. ಆದರೂ ಹೇಳು.

ಈ ಕಾಲದಲ್ಲಿ ಕಾಗದ ಯಾಕೆ ಅಂತ ಕೇಳಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿಮ್ಮಮ್ಮ ಎತ್ತಿದರೆ 'ಅವ್ಳು ಸ್ನಾನಕ್ಕೋಗವ್ಳೆ' ಅನ್ನುತ್ತಾರೆ. ಮೂರು ವಾರದಿಂದ ನೀನು ಸ್ನಾನ ಮಾಡುತ್ತಲೇ ಇದ್ದೀಯ, ತರೀಕೆರೆಯಲ್ಲಿ ನೀರಿಗೆ ಬರ ಇಲ್ಲ ಅಂತ ತಿಳಿಯಿತು. ನನ್ನ ಮಗ ರೇಣುಕ ಎರಡು ಸಲ ಅಲ್ಲಿಗೆ ಬಂದು ಬಾಗಿಲಲ್ಲೇ ಕಾಫಿ ಕುಡಿದು ವಾಪಸು ಬಂದ. ಕಟ್ಟಿಕೊಂಡ ಗಂಡನನ್ನು ಬಾಗಿಲಲ್ಲಿ ಕೂರಿಸಿದ್ದಕ್ಕೆ ನನಗೆ ಕೋಪ ಬಂದದ್ದು ನಿಜ. ಆಮೇಲೆ ಯೋಚನೆ ಮಾಡಿದೆ, ನಿನ್ನ ಒಡಹುಟ್ಟಿದವನನ್ನು ನಾನು ಎಲ್ಲಿ ಕೂರಿಸಿದೆ ಅಂತ. ಕೋಪ ಇಳಿಯಿತು. ಇಳಿದ ಜಾಗದಲ್ಲಿ ಈಗ ಬರೀ ಭಯ ಇದೆ, ಅದನ್ನು ಯಾರ ಹತ್ತಿರ ಹೇಳಲಿ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ, ನನ್ನ ತಲೆಯಲ್ಲಿ ಒಂದು ಸಲ ಸಾಲಾಗಿ ನಿಲ್ಲಬೇಕು. ಆಯುಧಪೂಜೆಯ ದಿನ ಮುಂದಿನ ಕೋಣೆಯನ್ನು, ಅಂದರೆ ನಿನ್ನ ಜೆರಾಕ್ಸ್ ಅಂಗಡಿಯನ್ನು, ನೀನೇ ತೊಳೆದೆ. ರೇಣುಕ ತನ್ನ ಕಟಿಂಗ್ ಪ್ಲೇಯರು, ಕಂಬ ಹತ್ತುವ ಬೆಲ್ಟು ತಂದಿಟ್ಟ. ನಾನು ಈಳಿಗೆಮಣೆ, ಕತ್ತಿ, ಮಚ್ಚು ಇಟ್ಟೆ. ಕೃತಿಕಾ ಜಾಮಿಟ್ರಿ ಬಾಕ್ಸು ಇಟ್ಟಳು. ನಿನ್ನ ಕಂಪ್ಯೂಟರಿನ ಪೆಟ್ಟಿಗೆಯನ್ನು ಮೇಜಿನ ಕೆಳಗಿಂದ ಮೇಲಕ್ಕೆತ್ತಿ ಅದಕ್ಕೂ ಚೆಂಡುಹೂವಿನ ಹಾರ ಹಾಕಿದೆವು. ಅದರ ತಲೆಯ ಮೇಲೆ ನಿಮ್ಮ ಮಾವನ ಬೆಳ್ಳಿ ಕರಡಿಗೆ ಇಟ್ಟವಳು ನಾನು. ಅವರನ್ನು ಮಣ್ಣು ಮಾಡುವಾಗ ಎದೆಯ ಮೇಲಿದ್ದ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಕಳಿಸಿದೆವು, ಅದನ್ನು ನಲವತ್ತು ವರ್ಷ ಕಾಪಾಡಿದ ಆ ಕರಡಿಗೆ ಮಾತ್ರ ಮನೆಯಲ್ಲಿ ಉಳಿಯಿತು. ಪಂಚಾಕ್ಷರಪ್ಪ ಇಲ್ಲದ ಮನೆಯಲ್ಲಿ ಪೂಜೆ ಹೇಗೆ ಅಂತ, ಅವರ ಬದಲಿಗೆ ಅದನ್ನು ಆಯುಧಗಳ ಸಾಲಿನಲ್ಲಿ ಇಡುವುದು ನಾನೇ ಮಾಡಿಕೊಂಡ ಪದ್ಧತಿ. ಬೇರೆ ಯಾರ ಮನೆಯಲ್ಲೂ ಇಲ್ಲ. ನೀನು ಕಂಪ್ಯೂಟರಿನಲ್ಲಿ ದೇವರ ಹಾಡು ಹಾಕಿದೆ. ನಿನ್ನ ತಮ್ಮ ಹೇಮಂತ ಊಟದ ಹೊತ್ತಿಗೆ ಬಂದ, ಊಟ ಆದ ಮೇಲೆ ಮುಂದಿನ ಕೋಣೆಯಲ್ಲೇ ಫೋನು ಚಾರ್ಜಿಗೆ ಹಾಕಿಕೊಂಡು ಕೂತ. ಕರಡಿಗೆಯನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿ 'ಗಟ್ಟಿ ಬೆಳ್ಳೀನಾ ಅತ್ತೆ' ಅಂತ ಕೇಳಿದ. ನಾನು ಹೌದು ಕಣಪ್ಪಾ ಅಂದೆ. ಸಂಜೆ ಬಸ್ಸಿಗೆ ಅವನು ಹೋದ. ಮಾರನೆಯ ಬೆಳಿಗ್ಗೆ ಕರಡಿಗೆ ಇಲ್ಲ.

ಎರಡು ದಿನ ಹುಡುಕಿದೆವು. ಹಾರ ಎಸೆದ ತಿಪ್ಪೆಯನ್ನೂ ಕೆದಕಿದೆವು. ಮೂರನೆಯ ದಿನ ಊಟಕ್ಕೆ ಕೂತಾಗ ನಾನು ಆ ಮಾತು ಆಡಿದೆ: 'ಕೈಯಲ್ಲಿ ತೂಗಿ ನೋಡ್ದೋನು ಅವನೊಬ್ನೇ. ಕೆಲ್ಸ ಬೇರೆ ಹೋಗಿದೆ ಅವನ್ಗೆ.' ನೀನು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟೆ, ಸಾರು ಬಿಟ್ಟೆ, ಕೈ ತೊಳೆದು ಎದ್ದೆ. ಬೆಳಿಗ್ಗೆ ಮಗುವಿನ ಕೈ ಹಿಡಿದುಕೊಂಡು ಹೊರಟವಳು ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದೆ: 'ಮೂಲೇಲಿ ಕ್ಯಾಮೆರಾ ಇದೆ ಅತ್ತೆ. ಅವತ್ತು ಕಂಡಿದ್ದೆಲ್ಲ ಆ ಕಂಪ್ಯೂಟರೊಳ್ಗೆ ಇದೆ. ಅದು ಆನ್ ಆದ ದಿನ ನೋಡಿ, ಆಮೇಲೆ ಫೋನ್ ಮಾಡಿ.' ನೀನು ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ನೀನು ಮೆಲ್ಲಗೆ ಹೇಳಿದ್ದೇ ನನ್ನನ್ನು ಕೊಂದದ್ದು.

ಆ ಕಂಪ್ಯೂಟರು ಆನ್ ಆಗಲಿಲ್ಲ ಕಣೇ. ಪೂಜೆಯ ರಾತ್ರಿ ಊಟ ಆದ ಮೇಲೆ ನೀನು ಮೌಸಿನಲ್ಲೇ ಆಫ್ ಮಾಡಿ ಮಲಗಿಸಿದ್ದು, ಅಷ್ಟೇ. ವಿಜಯದಶಮಿ ಆದ ಮೇಲೆ ನೀನೇ ಗುಂಡಿ ಒತ್ತಿದಾಗ ಏಳಲಿಲ್ಲ, ನೆನಪಿದೆಯಲ್ಲ. ಹಾಳಾದ ಯುಪಿಎಸ್ ಅಂತ ಬೈದುಕೊಂಡೆ. ನೀನು ಹೋದ ಮೇಲೆ ರೇಣುಕ ಕೂತ. ಕಡೂರು ತಾಲ್ಲೂಕಿಗೆಲ್ಲ ಕರೆಂಟ್ ಕೊಡುವ ಲೈನ್‌ಮನ್ನು, ಮನೆಯ ಒಂದು ಪೆಟ್ಟಿಗೆಗೆ ಜೀವ ಕೊಡಲಿಕ್ಕೆ ಅವನಿಂದ ಆಗಲಿಲ್ಲ. ಮೊದಲು ಪ್ಲಗ್ಗು ಬದಲಾಯಿಸಿದ. ಯುಪಿಎಸ್ ಬಿಟ್ಟು ನೇರ ಗೋಡೆಗೆ ಹಾಕಿದ. ವೈರು ಹೋಗಿರಬೇಕು ಅಂತ ಅನ್ನ ಮಾಡುವ ಕುಕ್ಕರಿನ ವೈರು ತಂದು ಚುಚ್ಚಿದ, ಅದೂ ಇದೂ ಒಂದೇ ಜಾತಿಯಂತೆ. ಟಿವಿಯಂಥದ್ದರಲ್ಲಿ ಕಿತ್ತಳೆ ದೀಪ ಉರಿಯಿತು, ಪೆಟ್ಟಿಗೆ ಮಾತ್ರ ಗುರ್ ಅಂತ ಎದ್ದು, ಬಾಯಲ್ಲಿ ಒಂದು ಎರಡು ಮೂರು ನಾಲ್ಕು ಎಣಿಸುವಷ್ಟರಲ್ಲಿ ಸುಮ್ಮನಾಗುತ್ತಿತ್ತು. ನಾನು ಹಿಂದೆ ನಿಂತು ಎಣಿಸುತ್ತಿದ್ದೆ. ಒಂದು ಸಲವಾದರೂ ಐದು ಬರಲಿ ಅಂತ ಬೇಡಿಕೊಂಡೆ. ಬರಲಿಲ್ಲ. ಅಷ್ಟರಲ್ಲಿ ಎಮ್ಮೆದೊಡ್ಡಿಯ ಕಡೆ ಗಾಳಿಗೆ ಕಂಬ ಬಿದ್ದವು ಅಂತ ಅವನಿಗೆ ಕರೆ ಬಂತು, ಐದು ದಿನ ಮನೆಗೆ ಬರಲಿಲ್ಲ. ಬಂದವನು ಮುಖ ಕೊಟ್ಟು ಮಾತಾಡುತ್ತಿಲ್ಲ. ಮೊನ್ನೆ ಊಟ ಮಾಡುವಾಗ 'ಅಮ್ಮ, ಸಾರ್ಗೆ ಎರಡು ಸಲ ಉಪ್ಪು ಹಾಕಿದ್ದೀಯ, ನಿನ್ನೆನೂ ಹಂಗೇ ಮಾಡಿದ್ದೆ' ಅಂದ, ಅಷ್ಟೇ ಅವನು ಈ ವಾರ ನನ್ನ ಹತ್ತಿರ ಆಡಿದ್ದು. ಮನಸ್ಸು ಕೆಟ್ಟವಳ ಕೈಯಲ್ಲಿ ಉಪ್ಪು ನಿಲ್ಲುತ್ತದೆಯೇ ಹೇಳು.

ಆಮೇಲೆ ಟಿವಿ ರಿಪೇರಿ ಕಾಂತರಾಜುವನ್ನು ನಾನೇ ಕರೆಸಿದೆ. ಅವನು ಪೆಟ್ಟಿಗೆಯ ಹೊಟ್ಟೆ ಬಿಚ್ಚಿ ಊದಿದ, ನಾನು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಿಂತೆ. ಒಳಗಿಂದ ಒಂದು ಪಟ್ಟಿ ತೆಗೆದು ಕೃತಿಕಾಳ ರಬ್ಬರಿನಿಂದ ತಿಕ್ಕಿ ಮತ್ತೆ ಸಿಕ್ಕಿಸಿದ. ಏಳಲಿಲ್ಲ. ಕರೆಂಟ್ ಹಂಚುವ ಡಬ್ಬಿಯೇ ಹೋಗಿದೆ ಅಂತ ಅದನ್ನು ಬದಲಾಯಿಸಿದ. ನಾಲ್ಕು ಎಣಿಸುವಷ್ಟರಲ್ಲಿ ಮತ್ತೆ ಸುಮ್ಮನಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಇದಕ್ಕೇ ಹೇಳಿದ್ದು. ಅಂಗಡಿಗೆ ಹೊತ್ತುಕೊಂಡು ಹೋಗಿ ಹತ್ತು ದಿನ ಇಟ್ಟುಕೊಂಡ. ದಿನಾ ಸಂಜೆ ಹೋಗಿ ಅವನ ಅಂಗಡಿ ಮೆಟ್ಟಿಲಲ್ಲಿ ಕೂರುತ್ತಿದ್ದೆ, ಆಸ್ಪತ್ರೆಯಲ್ಲಿ ರೋಗಿ ಇದ್ದ ಹಾಗೆ. ಕೊನೆಗೆ ಅವನು ಕೈ ಒರೆಸಿಕೊಂಡು 'ಮದರ್‌ಬೋರ್ಡೇ ಹೋಗೈತೆ ಅಮ್ಮ, ಗುಜರಿಗೆ ಹಾಕಿ, ಹೊಸದು ತಗೊಳ್ಳಿ' ಅಂದ. ಹೊಸದು ಯಾರಿಗೆ ಬೇಕು ಹೇಳು. ಹೊಸದರಲ್ಲಿ ಅವತ್ತಿನ ದಿನ ಇರುತ್ತದೆಯೇ. ಹಾಗಂತ ಅವನ ಮೇಲೆ ರೇಗಿದೆ. ಪಾಪ, ಅವನಿಗೇನು ಗೊತ್ತು, 'ಫೋಟೋ ಗೀಟೋ ಇತ್ತಾ ಅಮ್ಮ' ಅಂತ ಕೇಳಿದ.

ದೀಪಾವಳಿ ಬಂತು, ಹೋಯಿತು. ನಾನು ಹೋಳಿಗೆ ಮಾಡಲಿಲ್ಲ. ಬಾಗಿಲಿಗೆ ದೀಪ ಇಟ್ಟೆ, ಇಲ್ಲದಿದ್ದರೆ ಬೀದಿಯವರು ಕೇಳುತ್ತಾರೆ. ಬೀದಿಯವರು ಆಗಲೇ ಕೇಳಿಯಾಗಿದೆ ಅನ್ನುವುದು ಬೇರೆ ಮಾತು, ಅದೂ ನನ್ನದೇ ಕೆಲಸ. ಮಠದಲ್ಲಿ ಸೋಮವಾರದ ಪೂಜೆಗೆ ಹೋದಾಗ ಹೆಂಗಸರು ಸೊಸೆ ಎಲ್ಲಿ ಅಂದರು, ನಾನು ಕರಡಿಗೆ ಹೋದದ್ದನ್ನೂ ಹೇಮಂತ ತೂಗಿ ನೋಡಿದ್ದನ್ನೂ ಹೇಳಿಬಿಟ್ಟೆ. ಕದ್ದ ಅಂತ ಹೇಳಲಿಲ್ಲ. ಹೇಳುವುದೇನು ಬಂತು, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಸಾಕಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನನ್ನ ತಾಯಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು, ನನಗೆ ಅರವತ್ತೇಳಕ್ಕೆ ಅರ್ಥ ಆಯಿತು. ಆ ಮಾತು ಕಡೂರಿನಿಂದ ಹೊರಟು ಅಜ್ಜಂಪುರದ ಮಲ್ಲಿಕಾರ್ಜುನಯ್ಯನವರ ಮನೆ ಸೇರಿದೆ. ಅವರ ಮಗಳು ಸ್ಫೂರ್ತಿಗೂ ನಿನ್ನ ತಮ್ಮನಿಗೂ ಈ ಶುಕ್ರವಾರ ನಿಶ್ಚಿತಾರ್ಥ ಅನ್ನುವುದು ನನಗೂ ನೆನಪಿತ್ತು, ಆದರೆ ನಾಲಿಗೆಗೆ ನೆನಪಿರಲಿಲ್ಲ.

ಮೊನ್ನೆ ಭಾನುವಾರ ಆ ದೊಡ್ಡ ಮನುಷ್ಯ ನಮ್ಮ ಮನೆಗೇ ಬಂದರು. ನೀನು ಇದ್ದಿದ್ದರೆ ಚೆನ್ನಾಗಿತ್ತು, ಅವರಿಗೆ ಕೊಡಲಿಕ್ಕೆ ಕೋಡುಬಳೆ ಕೂಡ ಮನೆಯಲ್ಲಿ ಇರಲಿಲ್ಲ. ನೀರು ಕುಡಿದರು, ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡರು, ನೇರ ಕೇಳಿದರು: 'ನಾನು ಹೆಣ್ ಕೊಡೋನು ತಾಯಿ. ಹುಡ್ಗಿ ಅವನೇ ಬೇಕು ಅಂತ ಕೂತವ್ಳೆ. ಊರೋರ ಮಾತು ನನಗೆ ಬ್ಯಾಡ. ಕರಡಿಗೆ ಅವನು ತೆಗೆದಿದ್ದು ನಿಜವಾ? ನೀವು ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ.' ಅಶ್ವಿನಿ, ಹೌದು ಅನ್ನಲಿಕ್ಕೂ ಇಲ್ಲ ಅನ್ನಲಿಕ್ಕೂ ನನ್ನಿಂದ ಆಗಲಿಲ್ಲ. ಯಾಕೆಂದರೆ ನನಗೆ ಗೊತ್ತಿಲ್ಲ. ಹೌದು ಅಂದರೆ ಒಬ್ಬ ಹುಡುಗನ ಬಾಳಿಗೆ ಮಣ್ಣು. ಇಲ್ಲ ಅಂದು, ನಾಳೆ ಹೌದು ಅಂತಾದರೆ, ಒಂದು ಹುಡುಗಿಯ ಬಾಳಿಗೆ ಮಣ್ಣು. ಗುರುವಾರದವರೆಗೆ ಸಮಯ ಕೊಡಿ, ಕಂಪ್ಯೂಟರು ಆನ್ ಆದ ಕೂಡಲೇ ಹೇಳುತ್ತೇನೆ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಇಂಥ ಉತ್ತರ ಅವರ ಜನ್ಮದಲ್ಲಿ ಕೇಳಿರಲಿಕ್ಕಿಲ್ಲ.

ಆ ಹೊತ್ತಿಗೇ ನಿನ್ನ ಮೇಷ್ಟ್ರು ಕಲ್ಲೇಶಪ್ಪನವರ ನೆನಪಾಯಿತು. ಅಜ್ಜಂಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟು ಇಟ್ಟುಕೊಂಡು ನಿನಗೆ ಕಂಪ್ಯೂಟರು ಕಲಿಸಿದವರು. ನಿನ್ನ ಮದುವೆಗೆ ಬಂದು ಉಡುಗೊರೆಯ ಬದಲು ಒಂದು ಪೆನ್ ಡ್ರೈವ್ ಕೊಟ್ಟು ಹೋದರು, ಇದೇನು ಮಾತ್ರೆ ಡಬ್ಬಿಯಾ ಅಂತ ನಾನು ಕೇಳಿದ್ದೆ. ಇವತ್ತು ಬೆಳಿಗ್ಗೆ ಪೆಟ್ಟಿಗೆಯನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ, ಗೋಣಿಚೀಲದಲ್ಲಿ ಇಳಿಸಿ, ಬಸ್ ಸ್ಟ್ಯಾಂಡಿಗೆ ಹೋದೆ. ರೇಣುಕ ಡ್ಯೂಟಿಗೆ ಹೋಗಿದ್ದ, ಅವನಿಗೆ ಹೇಳಲಿಲ್ಲ. ಪಾಸ್‌ವರ್ಡ್ ಬರೆದ ಚೀಟಿ ಮಾತ್ರ ಅವನು ಹಿಂದೆಯೇ ಕೊಟ್ಟಿದ್ದ, ಅದನ್ನು ರವಿಕೆಯೊಳಗೆ ಇಟ್ಟುಕೊಂಡೆ. ಕಂಡಕ್ಟರು 'ಅಜ್ಜಿ, ನಿಮಗೆ ಫ್ರೀ, ಚೀಲಕ್ಕೆ ಟಿಕೆಟು' ಅಂದ. ಚೀಲವನ್ನು ಕೆಳಗಿಡಲಿಲ್ಲ, ಬೀರೂರು ದಾಟಿದ ಮೇಲೆ ರಸ್ತೆ ನಿನಗೆ ಗೊತ್ತಲ್ಲ, ಪ್ರತಿ ಹಳ್ಳಕ್ಕೂ ಒಳಗೆ ಏನೋ ಲೊಟಲೊಟ ಅನ್ನುತ್ತಿತ್ತು. ತೊಡೆಯ ಮೇಲೆ ಇಟ್ಟು ಎರಡೂ ಕೈಯಲ್ಲಿ ಅವುಚಿಕೊಂಡೆ. ಕೃತಿಕಾ ಹುಟ್ಟಿದಾಗ ಆಸ್ಪತ್ರೆಯಿಂದ ಅವಳನ್ನು ತಂದದ್ದೂ ಹೀಗೆಯೇ. ಪಕ್ಕದ ಸೀಟಿನವಳು ಮಿಕ್ಸಿಯಾ ಅಂತ ಕೇಳಿದಳು, ಹೌದು ಅಂದೆ.

ಮೇಷ್ಟ್ರು ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ಎಲ್ಲ ಹೇಳಿದೆ, ಪ್ಲಗ್ಗು, ಕುಕ್ಕರಿನ ವೈರು, ರಬ್ಬರು, ಕಾಂತರಾಜು. ಅವರು ಏನನ್ನೂ ಬಿಚ್ಚಲಿಲ್ಲ. ಪೆಟ್ಟಿಗೆಯ ಮುಂದೆ ಕೂತು ಕನ್ನಡಕ ಮೇಲೆ ಮಾಡಿ ಆನ್ ಮಾಡುವ ಗುಂಡಿಯನ್ನು ಬೆರಳಿನಲ್ಲಿ ಸವರಿದರು. 'ಇದೇನ್ರಮ್ಮ ಬೆಳ್ಳಗೆ' ಅಂದರು. ವಿಭೂತಿ. ಅವತ್ತು ಎಲ್ಲ ಆಯುಧಗಳಿಗೂ ವಿಭೂತಿಯನ್ನು ಗಂಧದ ಜೊತೆ ನೀರಿನಲ್ಲಿ ಕಲಸಿ ಮೂರು ಬೆರಳಿನಲ್ಲಿ ಎಳೆದೆನಲ್ಲ, ಈಳಿಗೆಗೆ ನೆತ್ತಿಯ ಮೇಲೆ, ಸ್ಕೂಟರಿಗೆ ದೀಪದ ಮೇಲೆ. ಈ ಪೆಟ್ಟಿಗೆಯ ಹಣೆ ಯಾವುದು ಅಂತ ಹುಡುಕಿದೆ, ಆ ದುಂಡನೆಯ ಗುಂಡಿಯೇ ಹಣೆಯ ಹಾಗೆ ಕಂಡಿತು. ಧಾರಾಳವಾಗಿ ಹಚ್ಚಿದೆ. ಅದು ಸಂದಿಯೊಳಗೆ ಇಳಿದು ಒಣಗಿ ಗಾರೆಯ ಹಾಗೆ ಗಟ್ಟಿಯಾಗಿದೆ. ನೀನು ಒತ್ತಿದಾಗ ಗುಂಡಿ ಒಳಗೆ ಹೋದದ್ದು ಹೊರಗೆ ಬಂದೇ ಇಲ್ಲ. ಗುಂಡಿಯನ್ನು ಒತ್ತಿ ಹಿಡಿದರೆ ಕಂಪ್ಯೂಟರು ನಾಲ್ಕು ಎಣಿಸುವಷ್ಟರಲ್ಲಿ ತಾನೇ ಆರಿಹೋಗುತ್ತದಂತೆ, ಅದು ಅದರ ಸ್ವಭಾವವಂತೆ. ಮೂರು ವಾರ ನಾವು ಅದರ ಹೊಟ್ಟೆ ಕೊಯ್ದೆವು, ಕಾಯಿಲೆ ಇದ್ದದ್ದು ಹಣೆಯ ಮೇಲೆ. ಬೆಣ್ಣೆ ಕೈಯಲ್ಲಿ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆ.

ಮೇಷ್ಟ್ರು ಪಿನ್ನಿನಿಂದ ಕೆರೆದು ಕೆರೆದು ವಿಭೂತಿಯನ್ನು ಕಾಗದದ ಮೇಲೆ ಉದುರಿಸಿದರು. ಟಕ್ ಅಂತ ಗುಂಡಿ ಹೊರಗೆ ಬಂತು. ನಾನು ಕೈಮುಗಿದೆ. ಅವರು ಒತ್ತಿದರು. ಈಗ ನಾಲ್ಕರವರೆಗೂ ಹೋಗಲಿಲ್ಲ ಕಣೇ, ಗುರ್ ಅನ್ನಲೂ ಇಲ್ಲ. ಕಾಂತರಾಜು ಬಿಚ್ಚಿ ಮುಚ್ಚುವಾಗ ಒಳಗಿನ ಸಣ್ಣ ಸಣ್ಣ ವೈರುಗಳನ್ನು ಎಲ್ಲೆಲ್ಲಿಗೋ ಸಿಕ್ಕಿಸಿದ್ದಾನಂತೆ. ಅದನ್ನು ಒಂದೊಂದಾಗಿ ಸರಿ ಮಾಡಬಹುದು. ಆದರೆ ದಿನಾ ಹತ್ತು ಸಲ ಎಬ್ಬಿಸಿ ಮಲಗಿಸಿ ಮಾಡಿದ್ದಕ್ಕೆ, ಚಿತ್ರಗಳು ಕೂತಿರುವ ಡಿಸ್ಕು ಉಳಿದಿದೆಯೋ ಇಲ್ಲವೋ ನಾಳೆಯೇ ಹೇಳಬೇಕು ಅಂದರು. 'ಇಲ್ಲೇ ಬಿಟ್ಟೋಗಿ ತಾಯಿ, ನಾಳೆ ಬೆಳಿಗ್ಗೆ ಬನ್ನಿ. ಇಲ್ಲ ಅಂತ ಮನಸ್ನಲ್ಲಿ ಅಂದ್ಕೊಂಡೇ ಬನ್ನಿ' ಅಂದರು. ಅವರ ಮನೆಯ ಜಗುಲಿಯಲ್ಲಿ ನನಗೆ ಅಳು ಬಂತು. ಗಂಡ ಸತ್ತ ದಿನ ನಾನು ಅತ್ತದ್ದು ನೀನು ನೋಡಿದ್ದೀಯ, ಅದು ಎಲ್ಲರೂ ಅಳುವ ಅಳು. ಇದು ಹಾಗಲ್ಲ. ಪರರ ಮನೆಯಲ್ಲಿ ಸೆರಗು ಕಚ್ಚಿಕೊಂಡು ಅತ್ತೆ.

ಈಗ ಮನೆಗೆ ಬಂದು ಕೂತಿದ್ದೇನೆ, ಮಧ್ಯಾಹ್ನ ಮೂರು ಗಂಟೆ. ನಿನ್ನ ಅಂಗಡಿಯ ಬಾಗಿಲು ಹಾಕಿಯೇ ಇದೆ. ಪಹಣಿ ಬೇಕು ಅಂತ ಬರುವವರಿಗೆ ಸೊಸೆ ಊರಿಗೆ ಹೋಗಿದ್ದಾಳೆ ಅಂತ ಹೇಳಿ ಹೇಳಿ ಸಾಕಾಯಿತು. ನಿನ್ನ ಮುಂದೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಮೊದಲ ವಾರ ಕಂಪ್ಯೂಟರು ಆನ್ ಆಗಲಿ, ಹೇಮಂತನ ಬಣ್ಣ ಬಯಲಾಗಲಿ ಅಂತ ಕಾದೆ. ಎರಡನೆಯ ವಾರ ಸತ್ಯ ಏನೇ ಇರಲಿ, ಒಂದು ತೀರ್ಮಾನ ಆಗಲಿ ಅಂತ ಕಾದೆ. ಈಗ ನನಗೆ ಬೇಕಾದದ್ದು ಒಂದೇ, ಆ ಹುಡುಗ ತೆಗೆದಿಲ್ಲ ಅಂತ ಅದರಲ್ಲಿ ಇರಬೇಕು. ನನ್ನ ಮಾತು ಸುಳ್ಳಾಗಬೇಕು. ತನ್ನ ಮಾತು ಸುಳ್ಳಾಗಲಿ ಅಂತ ಹರಕೆ ಹೊತ್ತವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಡಿಸ್ಕು ಸತ್ತಿದ್ದರೆ ಏನು ಮಾಡಲಿ? ಗುರುವಾರ ಆ ಮನುಷ್ಯನಿಗೆ ಏನು ಹೇಳಲಿ? ನಿನ್ನ ಮುಂದೆ ಹೇಗೆ ನಿಲ್ಲಲಿ? ಕಣ್ಣಿಗೆ ಕಾಣುವುದು ಯಾವುದೂ ಇಲ್ಲದೆ, ಬರೀ ನನ್ನ ತಪ್ಪಾಯಿತು ಅನ್ನುವ ಮಾತನ್ನು ನೀನು ನಂಬುತ್ತೀಯಾ? ನಾನಾಗಿದ್ದರೆ ನಂಬುತ್ತಿರಲಿಲ್ಲ.

ನಿನಗೆ ಹಟ ಇದೆ, ನನಗೆ ಬಾಯಿ ಇದೆ. ಒಂಬತ್ತು ವರ್ಷ ಒಂದೇ ಒಲೆಯ ಮುಂದೆ ಹೇಗೋ ನಡೆಯಿತು. ಆ ಡಬ್ಬಿಯ ಮುಂದೆ ಕೂತರೆ ಮನೆ ನಡೆಯುತ್ತದಾ ಅಂತ ನಾನು ಎಷ್ಟು ಸಲ ಅಂದೆ. ನನ್ನ ಕಣ್ಣಿನ ಆಪರೇಷನ್ನಿಗೆ ಅರ್ಜಿ ಹಾಕಿದ್ದು ಆ ಡಬ್ಬಿಯಿಂದಲೇ, ವಿಧವಾ ವೇತನ ಬಂದದ್ದೂ ಅದರಿಂದಲೇ. ಇವತ್ತು ಬಸ್ಸಿನಲ್ಲಿ ಅದನ್ನು ಅವುಚಿಕೊಂಡಾಗ ಅದೆಲ್ಲ ಒಂದೊಂದಾಗಿ ಬಂತು.

ಕೃತಿಕಾಳ ಕೆಮ್ಮು ಹೇಗಿದೆ? ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬೆಚ್ಚಗೆ ಮಾಡಿ ಎದೆಗೆ ತಿಕ್ಕು. ಅವಳಿಗೆ ಈ ಅಜ್ಜಿಯ ಮುತ್ತು. ಶಕುಂತಲಮ್ಮನವರಿಗೆ ನನ್ನ ಶರಣು, ಅವರು ತೆಗೆದುಕೊಳ್ಳದಿದ್ದರೂ ಕೊಟ್ಟದ್ದು ಕೊಟ್ಟದ್ದೇ. ಹೇಮಂತನಿಗೆ ಏನು ಹೇಳಲಿ ಅಂತ ಗೊತ್ತಾಗದೆ ಈ ಜಾಗ ಖಾಲಿ ಬಿಟ್ಟಿದ್ದೇನೆ. ನಿನ್ನ ಕುಂಕುಮ, ನಿನ್ನ ಬೆನ್ನು, ನಿನ್ನ ಹಟ ಎಲ್ಲವನ್ನೂ ಆ ಶಿವ ಗಟ್ಟಿಯಾಗಿ ಇಟ್ಟಿರಲಿ.

ಇಂತಿ,
ನಿನ್ನ ಅತ್ತೆ
ಮಲ್ಲಿಕಾಂಬ

ಮರೆತದ್ದು: ಬುಧವಾರ, ಅಜ್ಜಂಪುರ, ಬೆಳಿಗ್ಗೆ ಹನ್ನೊಂದು. ಮೇಷ್ಟ್ರ ಮೇಜಿನ ಮೇಲೆ ಅವಸರದಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರು ಎದ್ದಿತು. ನೋಡಿದೆ. ಹೇಮಂತ ಆರೂವರೆಗೆ ಚಾರ್ಜರು ಸುತ್ತಿಕೊಂಡು, ಪೆಟ್ಟಿಗೆಗೆ ಕೈಮುಗಿದು ಹೋದ. ಅವನು ಹೋದ ಮೇಲೂ ಕರಡಿಗೆ ಅಲ್ಲೇ ಇತ್ತು. ಏಳು ಹತ್ತಕ್ಕೆ ಯಾರೋ ಒಬ್ಬಳು ಮುದುಕಿ ಬಂದಳು. ನೆತ್ತಿಯಲ್ಲಿ ಕೂದಲಿಲ್ಲ. ಯಾರ್ರೀ ಮೇಷ್ಟ್ರೇ ಇವಳು ಅಂತ ಕೇಳಿದೆ. ಅವರು ಅದನ್ನೇ ಮತ್ತೊಮ್ಮೆ ಹಾಕಿ ತೋರಿಸಿದರು. ಆಮೇಲೆ ಸೀರೆ ಗುರುತು ಸಿಕ್ಕಿತು. ನಾನು ಅದನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅಲ್ಲೇ ನಿಂತು ತುಂಬಾ ಹೊತ್ತು ಯಾರ ಹತ್ತಿರವೋ ಮಾತಾಡಿದ್ದೇನೆ. ಅಲ್ಲಿ ಯಾರೂ ಇಲ್ಲ. ಬೀದಿ ಬಾಗಿಲು ತೆಗೆದು ಹೊರಗೆ ಹೋದೆ, ಇಪ್ಪತ್ತು ನಿಮಿಷಕ್ಕೆ ಬಂದೆ, ಸೆರಗಿನಲ್ಲಿ ಗಂಟಿಲ್ಲ. ಎಲ್ಲಿಗೆ ಹೋಗಿದ್ದೆ, ಎಲ್ಲಿ ಇಟ್ಟೆ, ಒಂದೂ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಆ ಹೊತ್ತು ನನ್ನ ಹತ್ತಿರ ಇಲ್ಲವೇ ಇಲ್ಲ ಅಶ್ವಿನಿ. ಇಲ್ಲಿಂದ ನೇರ ಮಲ್ಲಿಕಾರ್ಜುನಯ್ಯನವರ ಮನೆಗೆ ಹೋಗುತ್ತೇನೆ, ಅವರ ಅಂಗಳದಲ್ಲಿ ನಿಂತು ತೆಗೆದವಳು ನಾನು ಅಂತ ಹೇಳುತ್ತೇನೆ, ಈ ಕಾಗದವನ್ನು ತರೀಕೆರೆಗೆ ಅವರ ಕೈಯಲ್ಲೇ ಕಳಿಸುತ್ತೇನೆ. ನಿಶ್ಚಿತಾರ್ಥ ನಿಲ್ಲಬಾರದು. ರೇಣುಕನಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೇ ಹೇಳಬೇಕು ಅನ್ನಿಸಿತು. ನನಗೆ ಹೆದರಿಕೆಯಾಗುತ್ತಿದೆ, ಬಾ. ಬಂದಾಗ ನಾನು ಬೇರೆ ಏನಾದರೂ ಹೇಳಬಹುದು, ಮತ್ತೆ ಹೇಮಂತನ ಹೆಸರನ್ನೇ ಎತ್ತಬಹುದು, ಇಂಥ ಕಾಗದ ಬರೆದೇ ಇಲ್ಲ ಅನ್ನಬಹುದು. ನಂಬಬೇಡ. ಇದನ್ನು ನನ್ನ ಮುಂದೆ ಹಿಡಿ. ಇದು ನನ್ನದೇ ಅಕ್ಷರ.